ಕ್ವಾಂಟಮ್ ಕಂಪ್ಯೂಟರ್ ಅಂಜನ ಹಾಕುವುದಿಲ್ಲ

ನಮ್ಮ ಮಾವನ ಉಂಗುರ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಕಳೆಯಿತು. ಭತ್ತದ ಚೀಲಕ್ಕೆ ಕೈ ಹಾಕಿ ಕಾಳು ನೋಡುವಾಗ ಜಾರಿದೆ. ಗೊತ್ತಾಗುವಷ್ಟರಲ್ಲಿ ಚೀಲದ ಬಾಯಿ ಹೊಲಿದಾಗಿತ್ತು. ಅಡತಿ ಅಂಗಡಿ ಮುಂದೆ 400 ಚೀಲ, ಎಲ್ಲ ಒಂದೇ ಥರ. ಹಮಾಲರು ಒಂದೊಂದೇ ಬಿಚ್ಚಿ ತಾಡಪತ್ರಿ ಮೇಲೆ ಸುರಿಯತೊಡಗಿದರು. 30 ಚೀಲ ಆಗುವಷ್ಟರಲ್ಲಿ ಮಾವನಿಗೆ ಸಾಕಾಯಿತು, ಯಾರದೋ ಮಾತು ಕೇಳಿ ಅಂಜನ ಹಾಕುವವನ ಹತ್ತಿರ ಓಡಿದರು. ಅವನು ವೀಳ್ಯದೆಲೆಗೆ ಕಪ್ಪು ಹಚ್ಚಿ, ಒಬ್ಬ ಹುಡುಗನಿಂದ ನೋಡಿಸಿ, "ನೀರಿನ ಹತ್ತಿರ ಐತಿ" ಅಂದ. 500 ರೂಪಾಯಿ ಇಸಿದುಕೊಂಡ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರುವ ಜಿಲ್ಲೆಯಲ್ಲಿ ನೀರಿನ ಹತ್ತಿರ ಅಲ್ಲದ ಜಾಗ ಯಾವುದಿದೆ ಹೇಳಿ!

ಅದಕ್ಕೆ ನನಗೆ ಅಷ್ಟೇನೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಇಂಜಿನಿಯರಿಂಗ್ ಓದುವ ನಮ್ಮ ಅಳಿಯನ ಮಾತಿಗೆ. "ಕ್ವಾಂಟಮ್ ಕಂಪ್ಯೂಟರ್ ಇದ್ದಿದ್ರೆ 400 ಚೀಲಾನೂ ಒಂದೇ ಸಲಕ್ಕೆ ನೋಡಿ ಹೇಳ್ತಿತ್ತು" ಅಂದ. ಕ್ವಾಂಟಮ್ ಕಂಪ್ಯೂಟರ್ ಅಂದರೆ ಅಣುವಿನಷ್ಟು ಸೂಕ್ಷ್ಮ ಲೋಕದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಯಂತ್ರ. ಆದರೆ ಅಳಿಯನ ಈ ಮಾತೂ ಅಂಜನವೇ. ವೀಳ್ಯದೆಲೆ ಬದಲು ಚಿಪ್ ಇಟ್ಟಿದ್ದಾನೆ, ಅಷ್ಟೇ. ಈ ಮಾತು ಸುಳ್ಳು ಅಂತ ಗಣಿತದಲ್ಲಿ ಸಾಧಿಸಿ ತೋರಿಸಿ ಮೂವತ್ತು ವರ್ಷವಾಗುತ್ತ ಬಂತು, ಆದರೂ ವಿಡಿಯೋಗಳಲ್ಲಿ ಇದೇ ಕಥೆ ಓಡುತ್ತಿದೆ.

ಆಟದ ನಿಯಮ ಇದು. ಚೀಲದ ನಂಬರ್ ಹೇಳಿ ಕೇಳಬಹುದು, ಉಂಗುರ ಇದೆಯೋ ಇಲ್ಲವೋ ಅನ್ನುವ ಉತ್ತರ ಮಾತ್ರ ಬರುತ್ತದೆ. ಉತ್ತರ ಕೊಡುವ ಈ ಪೆಟ್ಟಿಗೆಗೆ ಗಣಿತದವರು ಒರಾಕಲ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಕಾರ್ಣಿಕ ಅಂದುಕೊಳ್ಳಿ. ಮೈಲಾರದಲ್ಲಿ (ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ) ಗೊರವಯ್ಯ ಬಿಲ್ಲು ಏರಿ, "ಸದ್ದಲೇ" ಅಂತ ಕೂಗಿ, ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಎರಡನೇ ಸಾಲು ಬೇಕಂದರೆ ಮುಂದಿನ ವರ್ಷದ ತನಕ ಕಾಯಬೇಕು. ಅಂದರೆ ಒಂದು ಸಲ ಬಿಲ್ಲು ಏರಿದ್ದಕ್ಕೆ ಒಂದು ಪ್ರಶ್ನೆ ಖರ್ಚು. ಕನಿಷ್ಠ ಎಷ್ಟು ಸಲ ಏರಬೇಕು ಅನ್ನುವುದೇ ಲೆಕ್ಕ. ಸಾಮಾನ್ಯ ಕಂಪ್ಯೂಟರ್‌ಗೆ ಸರಾಸರಿ 200 ಸಲ.

ಕ್ವಾಂಟಮ್ ಯಂತ್ರ ಒಂದೇ ಪ್ರಶ್ನೆಯನ್ನು 400 ಚೀಲದ ಮೇಲೂ ಹರಡಬಲ್ಲದು, ಅಳಿಯ ಹೇಳಿದ್ದರಲ್ಲಿ ಅಷ್ಟು ನಿಜ. ಆದರೆ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದ್ದೀರಲ್ಲ. ಉಂಡೆ ಒಂದೇ, ಅಗಲ ಬಡಿದಷ್ಟೂ ತೆಳುವಾಗುತ್ತದೆ. 400 ಚೀಲದ ಮೇಲೆ ಬಡಿದರೆ ಒಂದೊಂದು ಚೀಲಕ್ಕೆ ಸಿಗುವುದು 1/400 ಹಿಟ್ಟು. ಈಗಲೇ ಉತ್ತರ ನೋಡಲು ಹೋದರೆ ಸುಮ್ನೆ ಕಣ್ಣುಮುಚ್ಚಿ ಒಂದು ಚೀಲ ಆರಿಸಿದ ಹಾಗೆ.

ಹಾಗಾದರೆ ಲಾಭ ಎಲ್ಲಿ? ಇಲ್ಲಿ ರೊಟ್ಟಿ ಬಿಟ್ಟು ಅಂಗಳಕ್ಕೆ ಬರೋಣ. 400 ಚದರಡಿಯ ಚೌಕ ಅಂಗಳದ ಬದಿ 20 ಅಡಿ. ಕ್ವಾಂಟಮ್ ಲೋಕದಲ್ಲಿ ಸಾಧ್ಯತೆ ಅನ್ನುವುದು ಅಂಗಳದ ವಿಸ್ತೀರ್ಣ ಇದ್ದ ಹಾಗೆ. ಯಂತ್ರ ಕೂಡಿಸುವುದು, ಕಳೆಯುವುದು ಮಾತ್ರ ಬದಿಯನ್ನು. ಈ ಬದಿಗೆ ಆಂಪ್ಲಿಟ್ಯೂಡ್ ಅಂತ ಹೆಸರು. ಒಂದು ಚೀಲದ ಸಾಧ್ಯತೆ 1/400 ಆದರೆ ಅದರ ಬದಿ 1/20. ಇನ್ನೂ ಒಂದು ವಿಚಿತ್ರ ಇದೆ. ಬದಿ ಮೈನಸ್ ಕೂಡ ಆಗಬಹುದು. ಪ್ರಶ್ನೆ ಕೇಳಿದಾಗ ಉಂಗುರ ಇರುವ ಚೀಲದ ಗುರುತು ಮಾತ್ರ ತಿರುಗುತ್ತದೆ, +1/20 ಇದ್ದದ್ದು -1/20 ಆಗುತ್ತದೆ. ಆ 2/20ರ ವ್ಯತ್ಯಾಸವೇ ಒಂದು ಪ್ರಶ್ನೆಯ ಸಂಪಾದನೆ. ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ, ಒಂದು ಪ್ರಶ್ನೆ ಅಂದರೆ ಒಂದು ಜೀಕು. ಒಂದೊಂದು ಜೀಕಿಗೆ ಬದಿ ಸುಮಾರು 1/20ರಿಂದ 3/20, ಅಲ್ಲಿಂದ 5/20 ಹೀಗೆ ಏರುತ್ತದೆ. ವಿಸ್ತೀರ್ಣ 1, 9, 25 ಅಂತ ಜಿಗಿಯುತ್ತದೆ, 400ರಲ್ಲಿ. 15ನೇ ಜೀಕಿಗೆ ಜೋಕಾಲಿ ತುದಿ ಮುಟ್ಟುತ್ತದೆ, ಆಗ ನೋಡಿದರೆ ಉಂಗುರದ ಚೀಲವೇ ಸಿಗುವ ಸಾಧ್ಯತೆ 99.9 ಪರ್ಸೆಂಟ್‌ಗಿಂತ ಜಾಸ್ತಿ. ದುರಾಸೆಗೆ ಬಿದ್ದು 31 ಸಲ ಜೀಕಿದಿರೋ, ಜೋಕಾಲಿ ವಾಪಸ್ ಬಂದು ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆ! ಈ ಉಪಾಯ ಕಂಡುಹಿಡಿದವರು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿದ್ದ ಲವ್ ಗ್ರೋವರ್, 1996ರಲ್ಲಿ. ದಿಲ್ಲಿ ಐಐಟಿಯಲ್ಲಿ ಓದಿದವರು.

200ರ ಜಾಗದಲ್ಲಿ 15. ಒಳ್ಳೆಯದೇ. ಆದರೆ ಇನ್ಯಾರೋ ಇನ್ನೂ ಜಾಣರು ಬಂದು 5ರಲ್ಲಿ ಮುಗಿಸಬಹುದಲ್ವಾ? ಆಗುವುದಿಲ್ಲ. ನನಗೆ ಬಲು ಇಷ್ಟವಾದ ಭಾಗ ಇದು. ಇದನ್ನು ಸಾಧಿಸಿದವರು ಚಾರ್ಲ್ಸ್ ಬೆನೆಟ್, ಈಥನ್ ಬರ್ನ್‌ಸ್ಟೀನ್, ಜೀಲ್ ಬ್ರಸಾರ್, ಉಮೇಶ್ ವಜಿರಾನಿ. ಪ್ರಬಂಧ ಅಚ್ಚಾದದ್ದು 1997ರಲ್ಲಿ, ಆದರೆ ಸಾಧನೆ ಗ್ರೋವರ್‌ಗಿಂತ ಮೊದಲೇ ಮುಗಿದಿತ್ತು. ಅಂದರೆ ದಾರಿ ಯಾರಿಗೂ ಗೊತ್ತಿಲ್ಲದಾಗಲೇ ಇವರು ಬೇಲಿ ಹಾಕಿ ಕೂತಿದ್ದರು, ಆಮೇಲೆ ಗ್ರೋವರ್ ಬಂದು ನೇರ ಆ ಬೇಲಿಗೇ ಬಂದು ಮುಟ್ಟಿದರು.

ಸಾಧಿಸುವುದು ಹೇಗೆ? ಎರಡು ಲೋಕ ಕಲ್ಪಿಸಿಕೊಳ್ಳಿ. ಒಂದರಲ್ಲಿ ಯಾವ ಚೀಲದಲ್ಲೂ ಉಂಗುರ ಇಲ್ಲ. ಇನ್ನೊಂದರಲ್ಲಿ ಒಂದು ಚೀಲದಲ್ಲಿ ಇದೆ. ಎರಡೂ ಕಡೆ ಅದೇ ಯಂತ್ರ, ಅದೇ ಪ್ರೋಗ್ರಾಂ. ಯಂತ್ರದ ಸ್ಥಿತಿಯನ್ನು ಗಡಿಯಾರದ ಮುಳ್ಳು ಅಂತ ತಿಳಿಯಿರಿ, ಉದ್ದ 1. ಶುರುವಿನಲ್ಲಿ ಎರಡೂ ಲೋಕದ ಮುಳ್ಳು ಒಂದರ ಮೇಲೊಂದು ಕೂತಿವೆ. ಪ್ರಶ್ನೆಗಳ ನಡುವೆ ಯಂತ್ರ ಏನೇ ಕಸರತ್ತು ಮಾಡಲಿ, ಅದು ಎರಡೂ ಮುಳ್ಳನ್ನು ಒಟ್ಟಿಗೆ ತಿರುಗಿಸಬಲ್ಲದೇ ಹೊರತು ನಡುವಿನ ಅಂತರ ಹಿಗ್ಗಿಸಲಾರದು. ಎಷ್ಟು ಬುದ್ಧಿವಂತ ಪ್ರೋಗ್ರಾಂ ಬರೆದರೂ ಅಷ್ಟೇ. ಗಡಿಯಾರವನ್ನೇ ಹಿಡಿದು ತಿರುಗಿಸಿದರೆ ಮುಳ್ಳುಗಳ ನಡುವಿನ ಸಂದು ಬದಲಾಗುತ್ತದೆಯೇ? ಸಂದು ಬಿಡುವುದು ಪ್ರಶ್ನೆ ಕೇಳಿದಾಗ ಮಾತ್ರ, ಅದೂ ಆ ಚೀಲದ ಮೇಲೆ ಬಿದ್ದ ಬದಿಯ ಎರಡರಷ್ಟೇ.

ಹಾಗಾದರೆ ಹಿಟ್ಟನ್ನೆಲ್ಲ ಆ ಚೀಲದ ಮೇಲೇ ಸುರಿದರೆ? ಯಾವ ಚೀಲ ಅಂತ ಗೊತ್ತಿಲ್ಲವಲ್ಲ! ಒಂದು ಪ್ರಶ್ನೆಗೆ ಒಂದೇ ಉಂಡೆ. ಒಂದು ಕಡೆ ದಪ್ಪ ಬಡಿದರೆ ಇನ್ನೊಂದು ಕಡೆ ತೆಳು, ಉಂಗುರ ಆ ತೆಳು ಕಡೆಯೇ ಇದ್ದಿರಬಹುದು. ಎಲ್ಲ ಚೀಲಕ್ಕೂ ಗ್ಯಾರಂಟಿ ಬೇಕೆಂದರೆ ಸಮ ಹಂಚುವುದಕ್ಕಿಂತ ಲಾಭದ ಹಂಚಿಕೆ ಇಲ್ಲ. ಆಗ ಒಂದು ಪ್ರಶ್ನೆಗೆ ಮುಳ್ಳುಗಳು ದೂರ ಸರಿಯುವುದು ಹೆಚ್ಚೆಂದರೆ 2/20. ಎರಡು ಲೋಕವನ್ನು ಖಡಾಖಂಡಿತ ಬೇರೆ ಮಾಡಿ ಹೇಳಬೇಕೆಂದರೆ ಮುಳ್ಳುಗಳು ಲಂಬವಾಗಬೇಕು, ತುದಿಯಿಂದ ತುದಿಗೆ 2ರ ವರ್ಗಮೂಲ, ಅಂದರೆ 1.414 ಅಂತರ. 14 ಪ್ರಶ್ನೆ ಕೇಳಿದರೆ 14 × 2/20, 1.4. ಕೂದಲೆಳೆಯಷ್ಟು ಕಡಿಮೆ ಬಿತ್ತು ನೋಡಿ! ಆಮೇಲೆ 1999ರಲ್ಲಿ ಕ್ರಿಸ್ಟೋಫ್ ಜಾಲ್ಕಾ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ, ಗ್ರೋವರ್ ವಿಧಾನದಲ್ಲಿ ಒಂದು ಪ್ರಶ್ನೆಯನ್ನೂ ಉಳಿಸಲಾಗದು ಅಂತ ತೋರಿಸಿದರು.

ಒಂದು ಷರತ್ತು ಇದೆ. ಚೀಲಗಳಲ್ಲಿ ಯಾವ ಕ್ರಮವೂ ಇರಬಾರದು. ಕ್ರಮ ಇದ್ದರೆ ಮಾತೇ ಬೇರೆ. ಅಕ್ಷರ ಕ್ರಮದ ಪಟ್ಟಿಯಲ್ಲಿ 400 ಹೆಸರಿದ್ದರೆ ಮಾಮೂಲಿ ಕಂಪ್ಯೂಟರ್ರೇ 9 ಸಲ ಅರ್ಧರ್ಧ ಮಾಡಿ ಹುಡುಕುತ್ತದೆ. 1994ರಲ್ಲಿ ಪೀಟರ್ ಶೋರ್ ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯುವ ಕ್ವಾಂಟಮ್ ವಿಧಾನ ಕೊಟ್ಟದ್ದೂ ಒಳಗಿನ ಒಂದು ಲಯವನ್ನು ಹಿಡಿದೇ. ಅದನ್ನು ಈ ಬೇಲಿ ತಡೆಯುವುದಿಲ್ಲ. ತಡೆಯುವುದು ಕುರುಡು ಹುಡುಕಾಟವನ್ನು. 128 ಬಿಟ್‌ನ, ಅಂದರೆ 2ರ 128ನೇ ಘಾತದಷ್ಟು ಸಾಧ್ಯತೆ ಇರುವ, ಡಿಜಿಟಲ್ ಬೀಗದ ಕೀಲಿಯನ್ನು ಹೀಗೆ ಕುರುಡಾಗಿ ಹುಡುಕಿದರೆ ಗ್ರೋವರ್ ವಿಧಾನಕ್ಕೂ 2ರ 64ನೇ ಘಾತದಷ್ಟು ಹೆಜ್ಜೆ ಬೇಕು. ಸೆಕೆಂಡಿಗೆ ಒಂದು ಕೋಟಿ ಹೆಜ್ಜೆ ಹಾಕಿದರೂ ಸುಮಾರು 58 ಸಾವಿರ ವರ್ಷ.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯ ಕೇಳಿದ, "ಮಷೀನ್ ಜಾಸ್ತಿ ಹಾಕಿದರೆ?" ಒಳ್ಳೇ ಪ್ರಶ್ನೆ. ನಾಲ್ಕು ಕ್ವಾಂಟಮ್ ಯಂತ್ರಕ್ಕೆ ತಲಾ 100 ಚೀಲ ಹಂಚಿದರೆ 15ರ ಬದಲು 7 ಅಥವಾ 8 ಪ್ರಶ್ನೆ. ಯಂತ್ರ ನಾಲ್ಕು ಪಟ್ಟು, ಉಳಿತಾಯ ಅರ್ಧ ಮಾತ್ರ. ಹಮಾಲರು ಹಾಗಲ್ಲ, ನಾಲ್ಕು ಜನ ಹಾಕಿದರೆ ಕೆಲಸ ನಾಲ್ಕು ಪಟ್ಟು ಬೇಗ. ಅವತ್ತು ಗಂಜ್‌ನಲ್ಲಿ ಇದ್ದದ್ದೂ ನಾಲ್ಕೇ ಜನ. ಸಂಜೆ ಐದರ ಸುಮಾರಿಗೆ 263ನೇ ಚೀಲ ಸುರಿದಾಗ ಉಂಗುರ ಠಣ್ ಅಂತ ಬಿತ್ತು. ಬಾವಿ ಇಲ್ಲ, ಹಳ್ಳ ಇಲ್ಲ, ಹತ್ತಿರದಲ್ಲಿ ಹಮಾಲರ ಕುಡಿಯೋ ನೀರಿನ ಕೊಡ ಒಂದಿತ್ತು. ಮಾವ ಅದನ್ನೇ ತೋರಿಸಿ, "ನೀರಿನ ಹತ್ತಿರ ಅಂದಿದ್ನಲ್ಲ!" ಅಂದರು.