ಕಡಲಿನ ವಲಯ ವಿಂಗಡಣೆ: ನೋಡುವ ನೀರು, ಹಿಡಿಯುವ ನೀರು

ಶೃಂಗೇರಿಗೆ ಹೋದವರು ದೇವಸ್ಥಾನದ ಪಕ್ಕದ ಮೆಟ್ಟಿಲಿಳಿದು ತುಂಗೆಯ ಮೀನು ನೋಡದೆ ಬರುವುದಿಲ್ಲ. ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ದಪ್ಪ ದಪ್ಪ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಅದೇ ಹೊಳೆಯ ಬೇರೆ ಕಡೆ ಮೀನು ಹಿಡಿಯುವವರು ಇದ್ದೇ ಇದ್ದಾರೆ. ನೀರು ಒಂದೇ, ಕಟ್ಟಳೆ ಬೇರೆ. ಕಡಲಿನ ಸಂರಕ್ಷಿತ ಪ್ರದೇಶಗಳಲ್ಲಿ ಇದನ್ನೇ ನಕ್ಷೆ ಬರೆದು, ಕಾನೂನು ಮಾಡಿ, ದಂಡ ಇಟ್ಟು ಜಾರಿ ಮಾಡುತ್ತಾರೆ. ಅದಕ್ಕೆ ವಲಯ ವಿಂಗಡಣೆ ಅಥವಾ ಝೋನಿಂಗ್ ಎನ್ನುತ್ತಾರೆ.

ಸಂರಕ್ಷಿತ ಅಂದ ಕೂಡಲೇ ಯಾರಿಗೂ ಪ್ರವೇಶವಿಲ್ಲ ಎಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಎಲ್ಲಿ ಯಾವ ಕೆಲಸ ಮಾಡಬಹುದು ಎಂಬುದನ್ನು ವಲಯ ಹೇಳುತ್ತದೆ. ಈಜುವುದು ಒಂದು ಕೆಲಸ, ಲಂಗರು ಇಳಿಸುವುದು ಇನ್ನೊಂದು, ಗಾಳ ಹಾಕುವುದು ಮತ್ತೊಂದು, ಟ್ರಾಲರ್‌ನಲ್ಲಿ ತಳ ಗೋರುವುದು ಮಗದೊಂದು.

ಇದರ ದೊಡ್ಡ ಉದಾಹರಣೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್. ಅಲ್ಲಿನ ಕಡಲ ಉದ್ಯಾನ ಸುಮಾರು 3,44,400 ಚದರ ಕಿ.ಮೀ., ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದು. ಅದರ ನಕ್ಷೆಗೆ ಬಣ್ಣ ಬಳಿದಿದ್ದಾರೆ. ತಿಳಿನೀಲಿಯಲ್ಲಿ ಹೆಚ್ಚಿನ ಬಗೆಯ ಮೀನುಗಾರಿಕೆ ನಡೆಯಬಹುದು. ಕಡುನೀಲಿಯಲ್ಲಿ ಟ್ರಾಲಿಂಗ್ ಇಲ್ಲ. ಹಳದಿಯಲ್ಲಿ ಒಬ್ಬರಿಗೆ ಒಂದೇ ಗಾಳದ ದಾರ, ಅದಕ್ಕೆ ಒಂದೇ ಕೊಕ್ಕೆ. ಹಸಿರಿನಲ್ಲಿ ಬೋಟ್ ಓಡಿಸಬಹುದು, ಈಜಬಹುದು, ಮುಳುಗಿ ಹವಳ ನೋಡಬಹುದು, ಆದರೆ ಮೀನು ಹಿಡಿಯುವಂತಿಲ್ಲ. ಗುಲಾಬಿಗೆ ಅನುಮತಿ ಇಲ್ಲದೆ ಕಾಲಿಡುವಂತೆಯೇ ಇಲ್ಲ. ಈ ಗುಲಾಬಿ ಇಡೀ ಉದ್ಯಾನದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಅಂದರೆ ಪೂರ್ತಿ ಮುಚ್ಚಿದ ನೀರು ನಾವು ಅಂದುಕೊಂಡಷ್ಟು ಇಲ್ಲವೇ ಇಲ್ಲ.

ಹಳದಿಯಲ್ಲಿ ಗಾಳ ಹಾಕಿ ಕೂತಿದ್ದವರು ಬೋಟ್ ತಿರುಗಿಸಿ ಹಸಿರಿಗೆ ಬಂದರು ಅಂತಿಟ್ಟುಕೊಳ್ಳಿ. ಗಾಳ, ಬಲೆ ಎಲ್ಲವೂ ನೀರಿನಿಂದ ಮೇಲೆ ಬಂದು ಬೋಟಿನೊಳಗೆ ಸೇರಿರಬೇಕು. ಸುಮ್ನೆ ಇಳಿಬಿಟ್ಟಿದ್ದೆ ಅಂದರೆ ನಡೆಯುವುದಿಲ್ಲ. ಆದರೆ ಗಡಿ ದಾಟಿದ್ದು ಗೊತ್ತಾಗುವುದು ಹೇಗೆ? ಭದ್ರಾ ಅಭಯಾರಣ್ಯದ ಮುತ್ತೋಡಿಯಲ್ಲಾದರೆ ಅರಣ್ಯ ಇಲಾಖೆಯ ಗೇಟ್ ಇದೆ, ಕಾವಲಿನವರು ನಿಲ್ಲಿಸುತ್ತಾರೆ. ಕಡಲಲ್ಲಿ ಬೇಲಿ ಹಾಕಲು ಬರುವುದಿಲ್ಲ. ಅಕ್ಷಾಂಶ ರೇಖಾಂಶಗಳೇ ಅಲ್ಲಿನ ಗಡಿಕಲ್ಲು, ಜಿಪಿಎಸ್ ನೋಡಿಕೊಳ್ಳುವುದು ಬೋಟಿನವರದೇ ಜವಾಬ್ದಾರಿ. ಹವಳ ಜಾಸ್ತಿ ಇರುವ ಕೆಲವು ಕಡೆ ಮಾತ್ರ ತೇಲುವ ಬೋಯೆ ಕಟ್ಟಿ, ಇಲ್ಲಿ ಲಂಗರು ಹಾಕಬೇಡಿ ಎಂದು ಗುರುತು ಮಾಡಿರುತ್ತಾರೆ.

ಈಗಿನ ನಕ್ಷೆ ಜಾರಿಗೆ ಬಂದದ್ದು 2004ರ ಜುಲೈನಲ್ಲಿ. ಅದಕ್ಕೆ ಮುಂಚೆ ಮೀನು ಹಿಡಿಯಬಾರದ ಜಾಗ ಶೇಕಡಾ ಐದೂ ಇರಲಿಲ್ಲ, ಆಮೇಲೆ ಸುಮಾರು 33ಕ್ಕೆ ಏರಿತು. ಎರಡು ವರ್ಷದೊಳಗೇ ಹೊಸದಾಗಿ ನಿಷೇಧವಾದ ಹಲವು ಹವಳ ದಿಬ್ಬಗಳಲ್ಲಿ ಕೋರಲ್ ಟ್ರೌಟ್ ಎಂಬ ಮೀನು ಎದ್ದು ಕಾಣುವಷ್ಟು ಹೆಚ್ಚಿತು. ಹಾಗಂತ ಬಣ್ಣ ಬಳಿದರೆ ಎಲ್ಲ ಸರಿಹೋಗುವುದಿಲ್ಲ. 2016ರಲ್ಲಿ ಕಡಲ ನೀರು ಕಾದು ಹವಳ ಬಿಳಿಚಿಕೊಂಡಾಗ ಹಸಿರು ವಲಯ, ನೀಲಿ ವಲಯ ಎಂಬ ಭೇದ ಇರಲಿಲ್ಲ.

ನಮ್ಮ ದೇಶಕ್ಕೆ ಬಂದರೆ ವಿಷಯ ಸ್ವಲ್ಪ ಬಿಗಿ. ತಮಿಳುನಾಡಿನ ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನು 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನ ಮಾಡಿದರು. ತಲೆಮಾರುಗಳಿಂದ ಅಲ್ಲಿ ಮುಳುಗಿ ಕಡಲಪಾಚಿ ಕಿತ್ತು ಮಾರುತ್ತಿದ್ದ ಹೆಂಗಸರು ಆ ಗೆರೆಯಿಂದಾಗಿ ಕಾನೂನಿನ ಕಣ್ಣಲ್ಲಿ ಅತಿಕ್ರಮಣಕಾರರಾದರು. ಈಗ ಅದರಲ್ಲೊಂದಾದ ಕುರುಸಡೈ ದ್ವೀಪಕ್ಕೆ ಪ್ರವಾಸಿಗರನ್ನು ಬೋಟಿನಲ್ಲಿ ಕರೆದೊಯ್ಯುತ್ತಾರೆ. ದುಡಿದು ತಿನ್ನುವವರಿಗೆ ತಡೆ, ನೋಡಿ ಹೋಗುವವರಿಗೆ ಟಿಕೆಟ್ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ನೋಡುವವರಿಂದ ಹಾನಿ ಇಲ್ಲ ಅನ್ನುವುದೂ ನಿಜವಲ್ಲ. ಒಂದು ಲಂಗರು ಬಿದ್ದರೆ ವರ್ಷಗಟ್ಟಲೆ ಬೆಳೆದ ಹವಳ ಪುಡಿಯಾಗುತ್ತದೆ. ಡೈವಿಂಗ್ ಕಲಿಯುವವರು ಕಾಲಿಗೆ ಕಟ್ಟಿಕೊಳ್ಳುವ ರೆಕ್ಕೆಯಂಥ ಫಿನ್ ತಗುಲಿದರೂ ಮುರಿಯುತ್ತದೆ.

ಕಡಲ ನೀರನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ಕಸುಬನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳಬೇಕು ಎಂದು ನಮ್ಮ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಕಾಗದದ ಮೇಲೆ ಒಳ್ಳೆಯ ಮಾತು.

ಪ್ರವಾಸಿಗರಿಗೆ ಮಿತಿ ಹಾಕಿದ್ದನ್ನು ನೋಡಬೇಕೆಂದರೆ ಅಂಡಮಾನಿನ ವಂಡೂರು ಇದೆ. ಅಲ್ಲಿನ ಕಡಲ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳನ್ನು ಒಂದು ತೆರೆದಾಗ ಇನ್ನೊಂದು ಮುಚ್ಚಿ, ಸರದಿಯಂತೆ ನಡೆಸುತ್ತಾರೆ. ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಕವರ್ ಒಯ್ಯುವಂತಿಲ್ಲ. ನಮ್ಮ ಕಡೆಯಿಂದ ಅಂಡಮಾನಿಗೆ ಹೋಗುವವರು ಯಾವ ದ್ವೀಪ ತೆರೆದಿದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಗೊಂದಲ ಮಾತ್ರ ಬೇಡ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಇಳಿಯಬಾರದು ಎಂಬ 61 ದಿನಗಳ ನಿಷೇಧ ವಲಯ ವಿಂಗಡಣೆಯಲ್ಲ. ಅದು ಕಾಲಕ್ಕೆ ಹಾಕಿದ ತಡೆ, ಇದು ಜಾಗಕ್ಕೆ ಹಾಕಿದ್ದು. ಹೊನ್ನಾವರದ ಹತ್ತಿರದ ಅಪ್ಸರಕೊಂಡ–ಮುಗಳಿ ಈಗ ಕಡಲ ವನ್ಯಜೀವಿ ಧಾಮ. ಅಂಥ ಜಾಗದ ನಕ್ಷೆ ಕೈಗೆ ಸಿಕ್ಕಿದರೆ ನಾನು ಮೊದಲು ಹುಡುಕುವುದು ಎರಡು ಗುರುತು: ನಾಡದೋಣಿಗಳು ಬಲೆ ಹಾಕುವುದು ಎಲ್ಲಿ, ಪ್ರವಾಸಿ ಬೋಟುಗಳು ಲಂಗರು ಇಳಿಸುವುದು ಎಲ್ಲಿ.