ಅಪ್ಪ ಎದುರಿಗೇ ನಿಂತು ಬೇಡವೆಂದರೆ

ದಾವಣಗೆರೆಯ ಮಕ್ಕಳ ವಾರ್ಡೊಂದರಲ್ಲಿ ರಾತ್ರಿ ಪಾಳಿಯ ನರ್ಸ್ ಕೇಸ್ ಶೀಟಿನ ಕೊನೆಯ ಹಾಳೆ ತಿರುವಿ, ‘ಇಲ್ಲಿ ಬರೆದುಕೊಡಿ’ ಎಂದು ಬೆರಳಿಟ್ಟು ತೋರಿಸಿದ್ದನ್ನು ನೋಡಿದ್ದೇನೆ. ‘ಡಾಕ್ಟರ್ ಹೇಳಿದರೂ ಕೇಳದೆ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಮಗುವನ್ನು ಕರೆದೊಯ್ಯುತ್ತಿದ್ದೇವೆ.’ ಜಗಳೂರು ಕಡೆಯ ಆ ತಂದೆಗೆ ಅಕ್ಷರ ಬಾರದು. ಬರೆದದ್ದು ಪಕ್ಕದ ಹಾಸಿಗೆಯವರು, ಹೆಬ್ಬೆಟ್ಟು ಅವನದು. ಡ್ರಿಪ್ ಸೂಜಿ ಕಿತ್ತ ಜಾಗಕ್ಕೆ ತಾಯಿ ಹತ್ತಿ ಒತ್ತಿ ಹಿಡಿದಿದ್ದಳು. ಅಷ್ಟಕ್ಕೇ ಬಾಗಿಲು ತೆರೆಯಿತು.

ಪೋಷಕರ ಮಾತು ಮೀರಿ ಮಕ್ಕಳ ಮೈಮುಟ್ಟಲು ಸರ್ಕಾರ ಹಿಂದೆಲ್ಲ ಇಷ್ಟು ಹಿಂಜರಿದದ್ದಿಲ್ಲ. ಬ್ರಿಟಿಷ್ ಇಂಡಿಯಾದ 1880ರ ಕಾಯ್ದೆ, ಅದು ಜಾರಿಯಾದ ಪಟ್ಟಣಗಳಲ್ಲಿ, ಮಕ್ಕಳಿಗೆ ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸುವುದನ್ನು ಕಡ್ಡಾಯ ಮಾಡಿತ್ತು. ತಪ್ಪಿಸಿದ ಪೋಷಕರಿಗೆ ದಂಡ. ಆದರೆ ಜನರ ಪಾಲಿಗೆ ಸಿಡುಬು ರೋಗವಲ್ಲ, ಅಮ್ಮ. ಬೇವಿನ ಸೊಪ್ಪು ಹಾಸಿ, ಒಗ್ಗರಣೆಯ ಸದ್ದಿಲ್ಲದೆ, ಮೊಸರನ್ನದ ಎಡೆಯಿಟ್ಟು ತಣ್ಣಗೆ ಕಳಿಸಿಕೊಡಬೇಕಾದವಳ ಮುಂದೆ ಸೂಜಿ ಹಿಡಿದು ನಿಲ್ಲುವುದುಂಟೇ? ಮೈಲಿ ಹಾಕುವವರು ಬಂದರೆಂದರೆ ಮಕ್ಕಳನ್ನು ಬಚ್ಚಿಡುತ್ತಿದ್ದ ಕಾಲವದು. ಕೊನೆಗೆ ಸೂಜಿಯೇ ಗೆದ್ದಿತು: 1975ರ ನಂತರ ದೇಶದಲ್ಲಿ ಸಿಡುಬಿಲ್ಲ. ದುಗ್ಗಮ್ಮನ ಜಾತ್ರೆಗೆ ಬರುವ ಹಿರಿಯರ ತೋಳುಗಳಲ್ಲಿ ಆ ದುಂಡು ಕಲೆ ಈಗಲೂ ಕಾಣುತ್ತದೆ.

ಚಿಕಿತ್ಸೆಯ ಮಾತು ಬೇರೆ. 1860ರ ದಂಡ ಸಂಹಿತೆ 12 ವರ್ಷದೊಳಗಿನ ಮಗುವಿನ ಒಪ್ಪಿಗೆಯನ್ನು ಪೋಷಕರ ಕೈಗೆ ಕೊಟ್ಟಿತು. ಅದರ 92ನೇ ಸೆಕ್ಷನ್ನಿನ ಕೆಳಗೆ ಒಂದು ಪುಟ್ಟ ಕಥೆಯಿತ್ತು. ಅಪಘಾತದಲ್ಲಿ ಗಾಯಗೊಂಡ ಮಗು, ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಉಳಿಯುವುದಿಲ್ಲ, ಪೋಷಕರನ್ನು ಕೇಳಲು ಹೊತ್ತಿಲ್ಲ. ಮಗು ಬೇಡವೆಂದು ಗೋಗರೆದರೂ ವೈದ್ಯ ಶಸ್ತ್ರಚಿಕಿತ್ಸೆ ಮಾಡುತ್ತಾನೆ, ಅದು ಅಪರಾಧವಲ್ಲ. ಅದರ ಬದಲಿಗೆ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ನಿಯಮವನ್ನು 30ನೇ ಸೆಕ್ಷನ್ನಿನಲ್ಲಿ ಉಳಿಸಿಕೊಂಡಿದೆ. ಪೋಷಕರು ಸಿಗದಿದ್ದರೆ ಏನು ಎಂಬುದಕ್ಕೆ ಇಲ್ಲಿ ಉತ್ತರವಿದೆ. ಎದುರಿಗೇ ನಿಂತು ಬೇಡವೆಂದರೆ? ಆ ಕಥೆಯನ್ನು ಅಲ್ಲಿ ಬರೆದಿಲ್ಲ.

ಬ್ರಿಟನ್ನಿನಲ್ಲಾದರೆ ಆಸ್ಪತ್ರೆ ಕೋರ್ಟಿಗೆ ಹೋಗುತ್ತದೆ. 2017ರಲ್ಲಿ ಚಾರ್ಲಿ ಗಾರ್ಡ್ ಎಂಬ ಕೂಸಿನ ವಿಷಯದಲ್ಲಿ ಚಿಕಿತ್ಸೆ ಬೇಕೆಂದವರು ತಂದೆತಾಯಿ, ಸಾಕೆಂದದ್ದು ಆಸ್ಪತ್ರೆ; ಅಲ್ಲೂ ನ್ಯಾಯಾಲಯ ತಂದೆತಾಯಿಯ ಮಾತನ್ನು ಒಪ್ಪಲಿಲ್ಲ. ನಮ್ಮ ಕೋರ್ಟುಗಳಲ್ಲಿ ಜಗಳ ಹೆಚ್ಚಾಗಿ ಲಸಿಕೆಯ ಸುತ್ತಲೇ. ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಿಗೂ ಬಂತು. 2019ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಶಾಲೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಆ ಲಸಿಕೆ ಹಾಕಬಾರದೆಂದಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್, ಕೋವಿಡ್ ಪ್ರಕರಣದಲ್ಲಿ, ಹೇಳಿತು.

ಹಾಗಾದರೆ ವಾರ್ಡಿನ ವೈದ್ಯ ಯಾರನ್ನು ಕರೆಯಬೇಕು? 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿಯಿದೆ, ಅದಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರವೂ ಇದೆ. ಹೈಕೋರ್ಟ್ ಇರುವುದು 260 ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ಅದೇ ಕಾಯ್ದೆಯ 75ನೇ ಸೆಕ್ಷನ್, ಮಗುವನ್ನು ಬೇಕೆಂದೇ ನಿರ್ಲಕ್ಷಿಸಿ ಸಂಕಟಕ್ಕೆ ದೂಡುವ ಪೋಷಕರಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಆ ರಾತ್ರಿಯ ತಂದೆಯ ಮೇಲೆ ಅದನ್ನು ಹೂಡಿ ಎನ್ನಲು ನನಗಂತೂ ಬಾಯಿ ಬರಲಿಲ್ಲ. ಏಕೆ ಕರೆದೊಯ್ಯುತ್ತೀಯ ಎಂದು ಕೇಳಿದ್ದಕ್ಕೆ ಅವನು ದೇವರ ಹೆಸರೆತ್ತಲಿಲ್ಲ, ಹಕ್ಕಿನ ಮಾತಾಡಲಿಲ್ಲ. ಮೆಕ್ಕೆಜೋಳ ಕಟಾವಿಗೆ ಬಂದಿದೆ, ಮನೆಯಲ್ಲಿ ಇನ್ನಿಬ್ಬರಿದ್ದಾರೆ, ಹೊರಗೆ ಆಟೋದವನು ಕಾಯುತ್ತಿದ್ದಾನೆ ಎಂದ.