ರಾತ್ರಿ ಮಾಡಿಟ್ಟ ಕೋಳಿ ಸಾರು ಬೆಳಗಿನ ವಡೆಗೆ ಆದೀತೇ?

ಪ್ರಶ್ನೆ: ಭಾನುವಾರ ಬೆಳಿಗ್ಗೆ ನಮ್ಮಲ್ಲಿ ವಡೆ, ಕೋಳಿ ಸಾರು ಆಗಲೇಬೇಕು. ನಸುಕಿನಲ್ಲೆದ್ದು ಎಲ್ಲ ಮಾಡುವುದು ಕಷ್ಟ. ಶನಿವಾರ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಸಣ್ಣಗೆ ಹುಳಿ ವಾಸನೆ, ರಸವೂ ಒಡೆದಂತೆ. ಎಲ್ಲಿ ತಪ್ಪುತ್ತಿದೆ? (ಕಾರವಾರದ ಓದುಗರು)

ಉತ್ತರ: ತಪ್ಪು ಕೋಳಿಯದ್ದಲ್ಲ, ಕಾಯಿಯದ್ದು. ಅರೆದ ತೆಂಗಿನಕಾಯಿಯಲ್ಲಿ ನೀರು, ಸಕ್ಕರೆ, ಕೊಬ್ಬು ಮೂರೂ ಇವೆ. ದೊಡ್ಡ ಪಾತ್ರೆಯಲ್ಲಿ ಸಾರು ನಿಧಾನವಾಗಿ ಆರುವಾಗ ಮೊದಲು ಹುಳಿಯುವುದು ಅದೇ. ತಣ್ಣಗಾದ ಮೇಲೆ ಅದರ ಕೊಬ್ಬು ಬೇರೆಯಾಗಿ ಮೇಲೆ ಹೆಪ್ಪುಗಟ್ಟುತ್ತದೆ, ಕೆಳಗೆ ನೀರು ಉಳಿಯುತ್ತದೆ. ಆದ್ದರಿಂದ ರಾತ್ರಿ ಮಾಂಸವನ್ನಷ್ಟೇ ಒಣಮಸಾಲೆಯಲ್ಲಿ ಬೇಯಿಸಿಡಿ, ಕಾಯಿ ಬೆಳಿಗ್ಗೆ ಹಾಕಿ. ವಡೆಯ ಹಿಟ್ಟು ಹೇಗೂ ರಾತ್ರಿಯೇ ಕಲಸುವಂಥದ್ದು.

1 ಕಿಲೋ ಕೋಳಿಗೆ 2 ಚಮಚ ಉಪ್ಪು, ಅರ್ಧ ಚಮಚ ಅರಿಶಿನ, 2 ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಹಚ್ಚಿಡಿ. 12 ಬ್ಯಾಡಗಿ ಮೆಣಸು, 2 ದೊಡ್ಡ ಚಮಚ ಕೊತ್ತಂಬರಿ ಬೀಜ, 10 ಕಾಳುಮೆಣಸು, 4 ಲವಂಗ, ಸ್ವಲ್ಪ ದಾಲ್ಚಿನ್ನಿ ಹುರಿದು, ನೀರು ಹಾಕದೆ ಪುಡಿಮಾಡಿ. ಎರಡು ಈರುಳ್ಳಿ ಕೆಂಪಗೆ ಹುರಿದು, ಕೋಳಿ, ಪುಡಿ, ಒಂದು ಲೋಟ ನೀರು ಸೇರಿಸಿ ಮುಚ್ಚಿ ಬೇಯಿಸಿ. ಮಧ್ಯಮ ಉರಿಯಲ್ಲಿ 25 ನಿಮಿಷ ಬೇಕು. ತೊಡೆಯ ಕೀಲಿನ ಬಳಿ ಚುಚ್ಚಿದರೆ ಕೆಂಪು ನೀರು ಬರಬಾರದು. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಬೇಕು. ‘ಅರ್ಧ ಬೇಯಿಸಿಟ್ಟು ಉಳಿದದ್ದು ಬೆಳಿಗ್ಗೆ’ ಎಂಬ ಲೆಕ್ಕಾಚಾರ ಬೇಡ. ಆ ಬಿಸಿಗೆ ಸೂಕ್ಷ್ಮಾಣುಗಳು ಸಾಯುವುದಿಲ್ಲ, ಬೆಚ್ಚಗಾಗಿ ಇನ್ನಷ್ಟು ಬೆಳೆಯುತ್ತವೆ.

ನಿಜವಾದ ಕೆಲಸ ಇರುವುದು ಆರಿಸುವುದರಲ್ಲಿ. ಬೇಯಿಸಿದರೂ ಸಾಯದ ಬೀಜಾಣುಗಳು ಮಾಂಸದಲ್ಲಿ ಉಳಿದಿರುತ್ತವೆ. 60ರಿಂದ 5 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದಷ್ಟೂ ಅವಕ್ಕೆ ಅನುಕೂಲ. ಆಳದ ಪಾತ್ರೆಯ ನಡುಭಾಗ ಫ್ರಿಜ್ಜಿನೊಳಗೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ ಸ್ಟೀಲ್ ತಾಟಿನಲ್ಲಿ ಎರಡು ಇಂಚಿಗಿಂತ ದಪ್ಪವಾಗದಂತೆ ಹರಡಿ, ತಾಟನ್ನು ತಣ್ಣೀರಿನ ಪರಾತದಲ್ಲಿಟ್ಟು ಫ್ಯಾನ್ ಹಾಕಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ, 32 ಡಿಗ್ರಿ ದಾಟಿದ್ದರೆ, ಒಂದೇ ಗಂಟೆ. ಮುರುಗಲು ಹಾಕಿದ್ದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ, ಹುಳಿ ಲೋಹವನ್ನು ಕರಗಿಸುತ್ತದೆ.

ಕಟ್ಟೆಯ ಮೇಲೇ ಬಿಟ್ಟು ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ಕೆಲವು ಸೂಕ್ಷ್ಮಾಣುಗಳು ರಾತ್ರಿಯಿಡೀ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆಯನ್ನೂ ನಂಬುವಂತಿಲ್ಲ.

ಬೆಳಿಗ್ಗೆ ಅರ್ಧ ತೆಂಗಿನಕಾಯಿ ತುರಿದು, ಈರುಳ್ಳಿಯೊಂದಿಗೆ ಹುರಿದು ಅರೆದು, ಮಾಂಸಕ್ಕೆ ಸೇರಿಸಿ ಐದು ನಿಮಿಷ ಕುದಿಸಿ. ಸುಕ್ಕಾ ಬೇಕಿದ್ದರೆ ಹಸಿ ತುರಿ ಕೊನೆಯಲ್ಲಿ. ಬೇಕಾದಷ್ಟನ್ನೇ ಬಿಸಿಮಾಡಿ, ಉಳಿದದ್ದನ್ನು ಮತ್ತೆ ಒಳಗಿಡಬೇಡಿ. ಅದಕ್ಕೇ ಒಂದು ಹೊತ್ತಿಗೆ ಒಂದು ಡಬ್ಬಿಯಂತೆ ತುಂಬಿಡುವುದು ಜಾಣತನ.

ಹೀಗಿಟ್ಟ ಮಾಂಸ 4 ಡಿಗ್ರಿಯಲ್ಲಿ 3-4 ದಿನ, ಮೈನಸ್ 18ರ ಫ್ರೀಜರಿನಲ್ಲಿ 2-3 ತಿಂಗಳು ರುಚಿಗೆಡದೆ ಇರುತ್ತದೆ. ಫ್ರೀಜರಿನಿಂದ ತೆಗೆದದ್ದನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಖಾನೆಗೆ ಇಳಿಸಿಡಿ. ಮಟನ್ ಖೀಮಾ ಕೊಂಡ ದಿನವೇ ಬೇಯಿಸಬೇಕು, ನೀರಿಂಗುವವರೆಗೆ ಹುರಿದಿಟ್ಟರೆ ಬೆಳಗಿನ ಪಾವಿಗೆ ಇದಕ್ಕಿಂತ ಅನುಕೂಲದ್ದಿಲ್ಲ. ಮೇಲೆ ಬಿಳಿ ಕೊಬ್ಬು ಕಟ್ಟಿದ್ದರೆ ಕೆಟ್ಟಿದೆಯೆಂದಲ್ಲ. ಆದರೆ ಲೋಳೆಯಾಗಿದ್ದರೆ ಎಸೆಯಿರಿ. ಗೋವಾ ಸಾಸೇಜು ಉಪ್ಪು, ವಿನೆಗರಿನಲ್ಲಿ ಹದಗೊಂಡಿದ್ದರೂ ಹಸಿಯೇ, ಪೂರ್ತಿ ಬೇಯಲೇಬೇಕು. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುವುದರಿಂದ ಅದನ್ನೂ ಫ್ರಿಜ್ಜಿನಲ್ಲೇ ಇಡಿ.

ಇನ್ನು ಕರೆಂಟು. ಕೈಗಾ ಅಣುವಿದ್ಯುತ್ ಸ್ಥಾವರ ನಮ್ಮ ತಾಲೂಕಿನಲ್ಲೇ ಇದ್ದರೇನು, ಜೂನಿನ ಗಾಳಿಗೆ ತಂತಿ ಹರಿದರೆ ಕತ್ತಲೆಯೇ! ಬಾಗಿಲು ತೆರೆಯದಿದ್ದರೆ ಫ್ರಿಜ್ಜು 4 ಗಂಟೆ, ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ. ರಾತ್ರಿ ಹತ್ತಕ್ಕೆ ಹೋದ ಕರೆಂಟು ಬೆಳಿಗ್ಗೆ ಆರಕ್ಕೆ ಬಂದಿದ್ದರೆ ಫ್ರಿಜ್ಜಿನಲ್ಲಿದ್ದ ಕೋಳಿಯ ಆಸೆ ಬಿಟ್ಟು, ಅವತ್ತಿನ ವಡೆಗೆ ಬಟಾಣಿ ಉಸಳ ಮಾಡಿಕೊಳ್ಳಿ.